ನಮ್ಮ ಗುರುಗಳ ಗ್ರೀನ್ ಕಾರ್ಡ್ ಅರ್ಜಿ: ಪತ್ರ ಬರೆಯುವವರು ಬೇಕು, ಗೊತ್ತಿದ್ದವರ ಸಲಹೆಯೂ ಬೇಕು

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನ ಒಂದು ಚಿಕ್ಕ ದೇವಸ್ಥಾನದ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ವೇದಾಂತ ಪಾಠ ಹೇಳುವ ಗುರುಗಳೊಬ್ಬರಿದ್ದಾರೆ. ಸಿರಸಿ ಕಡೆಯವರು. ಧಾರ್ಮಿಕ ಕೆಲಸಗಾರರಿಗೆ ಕೊಡುವ ಆರ್-1 ವೀಸಾದ ಮೇಲೆ ಬಂದವರು, ಈಗ ನಾಲ್ಕನೇ ವರ್ಷ ನಡೆಯುತ್ತಿದೆ. ಐದು ವರ್ಷ ತುಂಬಿದ ಮೇಲೆ ಆ ವೀಸಾದಲ್ಲಿ ಇಲ್ಲಿರಲು ಆಗುವುದಿಲ್ಲ. ಅವರಿಗೆ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬೇಕು ಅಂತ ಆಡಳಿತ ಮಂಡಳಿ ಒಪ್ಪಿದೆ. ವಕೀಲರನ್ನೂ ಗೊತ್ತು ಮಾಡಿದ್ದೇವೆ.

ಅವರು ಏನು ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ. ಭಾನುವಾರ ಬೆಳಗ್ಗೆ ದೊಡ್ಡವರಿಗೆ ಪಾಠ, ಮಧ್ಯಾಹ್ನ ಮಕ್ಕಳಿಗೆ. ಮಕ್ಕಳ ತರಗತಿಯನ್ನು ನೀವು ಒಂದು ಸಲ ನೋಡಬೇಕು. ನಚಿಕೇತನ ಕಥೆ ಹೇಳುತ್ತಾ ಅರ್ಧಕ್ಕೆ ನಿಲ್ಲಿಸುತ್ತಾರೆ. "ಅಪ್ಪನಿಗೆ ಸಿಟ್ಟು ಬಂತು, ಯಮನ ಹತ್ರ ಹೋಗು ಅಂದುಬಿಟ್ಟ. ನೀನಾಗಿದ್ರೆ ಏನು ಮಾಡ್ತಿದ್ದೆ?" ಅಂತ ಒಂದೊಂದು ಮಗುವನ್ನೂ ಕೇಳುತ್ತಾರೆ. ಉತ್ತರ ಇಂಗ್ಲಿಷಿನಲ್ಲಿ ಬಂದರೂ ಸರಿ, ಕನ್ನಡದಲ್ಲಿ ಬಂದರೂ ಸರಿ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆ. ಆಮೇಲೇ ಕಥೆ ಮುಂದಕ್ಕೆ ಹೋಗುವುದು. ದೇವಸ್ಥಾನಕ್ಕೆ ಬಾ ಅಂದರೆ ಮುಖ ಸಿಂಡರಿಸುತ್ತಿದ್ದ ಹುಡುಗರು ಈಗ ತಾವಾಗಿಯೇ ಹೊರಡುತ್ತಾರೆ. ವಾರದ ದಿನಗಳಲ್ಲಿ ಗುರುಗಳು ಸಂಜೆ ಪೂಜೆಗೆ ಕೈಜೋಡಿಸುತ್ತಾರೆ, ಯಾರ ಮನೆಯಲ್ಲಾದರೂ ಸಾವು ನೋವು ಆದರೆ ಮೊದಲು ಹೋಗುವವರು ಅವರೇ.

ನನ್ನ ಕೋರಿಕೆ ಎರಡು. ಅವರನ್ನು ಬಲ್ಲ ಯಾರಾದರೂ ಈ ವೇದಿಕೆಯಲ್ಲಿದ್ದರೆ ಬೆಂಬಲದ ಪತ್ರ ಬರೆದುಕೊಡಿ. ಈ ದಾರಿಯಲ್ಲಿ ಮೊದಲೇ ನಡೆದವರು ಇದ್ದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ತಿಳಿಸಿ. ಇವರನ್ನು ಕಳೆದುಕೊಳ್ಳಲು ನಮಗೆ ಮನಸ್ಸಿಲ್ಲ.

ರಾಗಿಮುದ್ದೆ

ಒಳ್ಳೆ ಕೆಲಸ. ಆನ್‌ಲೈನ್ ಪೆಟಿಷನ್ ಶುರು ಮಾಡಿ, ಲಿಂಕ್ ಹಾಕಿ. ಎಲ್ಲಾ ಕನ್ನಡ ಕೂಟಗಳ ವಾಟ್ಸಾಪ್ ಗುಂಪಿಗೂ ಕಳಿಸೋಣ. ಸಾವಿರಾರು ಸಹಿ ಬಂದರೆ ಸರ್ಕಾರದವರು ಗಮನಿಸಲೇಬೇಕು ಅಲ್ವಾ?

ಹಳೇ ಟ್ರಸ್ಟಿ

ಸಹಿ ಸಂಗ್ರಹ ಬೇಡ. ಹುರುಪು ಒಳ್ಳೆಯದೇ, ಆದರೆ ಈ ಅರ್ಜಿ ನೋಡುವ ಅಧಿಕಾರಿಗೆ ಎಷ್ಟು ಜನಕ್ಕೆ ಗುರುಗಳು ಇಷ್ಟ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮ ದೇವಸ್ಥಾನದಿಂದ ಇಂಥ ಅರ್ಜಿ ಹಾಕಿದಾಗ ಕಾಗದಪತ್ರ ನೋಡಿಕೊಂಡವನು ನಾನು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಓದಿ.

ನೀವು ಹಾಕಬೇಕಾದದ್ದು ಐ-360 ಅನ್ನುವ ಅರ್ಜಿ. ಧಾರ್ಮಿಕ ಕೆಲಸಗಾರರು ಬರುವುದು ಇಬಿ-4 ಅನ್ನುವ ವಿಭಾಗದಲ್ಲಿ. ಅಧಿಕಾರಿ ನೋಡುವುದು ಕೆಲವೇ ಸಂಗತಿ. ಸಂಸ್ಥೆ ನಿಜವಾಗಿ ಧಾರ್ಮಿಕ ಸಂಸ್ಥೆಯೇ, ಅದಕ್ಕೆ ತೆರಿಗೆ ಇಲಾಖೆಯ 501(ಸಿ)(3) ಪತ್ರ, ಅಂದರೆ ತೆರಿಗೆ ವಿನಾಯಿತಿ ಪತ್ರ, ಇದೆಯೇ. ಗುರುಗಳು ಅರ್ಜಿ ಹಾಕುವ ಮೊದಲು ಕಡಿಮೆಯೆಂದರೆ ಎರಡು ವರ್ಷ ಅದೇ ಪಂಥದವರಾಗಿದ್ದರೇ. ಆ ಎರಡು ವರ್ಷ ಬಿಡದೆ ಧಾರ್ಮಿಕ ಕೆಲಸ ಮಾಡಿದ್ದಾರೆಯೇ. ಮುಂದೆ ಕೊಡುವ ಕೆಲಸ ಪೂರ್ಣಾವಧಿಯದೇ, ಅಂದರೆ ವಾರಕ್ಕೆ ಸರಾಸರಿ 35 ಗಂಟೆ. ಸಂಬಳವೋ, ಊಟ ವಸತಿಯೋ, ಏನು ಕೊಡುತ್ತೀರಿ ಮತ್ತು ಅದನ್ನು ಕೊಡುವ ಶಕ್ತಿ ನಿಮಗಿದೆಯೇ. ಇದಿಷ್ಟಕ್ಕೂ ಕಾಗದ ಬೇಕು. ಬಾಯಿಮಾತು ನಡೆಯುವುದಿಲ್ಲ.

ಒಂದು ವಿಷಯ ಈಗಲೇ ತೀರ್ಮಾನ ಮಾಡಿಕೊಳ್ಳಿ. ಗುರುಗಳನ್ನು ಯಾವ ಹೆಸರಿನಲ್ಲಿ ತೋರಿಸುತ್ತೀರಿ? ಪೂಜೆ, ಸಂಸ್ಕಾರ ಎಲ್ಲ ನಡೆಸುವ ಅಧಿಕಾರ ಇರುವ ಧರ್ಮಗುರು ಅಂತಲೋ, ಅಥವಾ ಧಾರ್ಮಿಕ ಪಾಠ ಹೇಳುವ ಕೆಲಸಗಾರರು ಅಂತಲೋ? ಎರಡಕ್ಕೂ ಜಾಗ ಇದೆ. ಆದರೆ ಎರಡನೆಯದು ತಾತ್ಕಾಲಿಕ ಕಾನೂನು. ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಮತ್ತೆ ಮತ್ತೆ ಅದರ ಅವಧಿ ಮುಂದೂಡುತ್ತಾ ಬಂದಿದೆ. ಮುಂದೂಡದೆ ಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ. ಧರ್ಮಗುರುಗಳ ಬಾಗಿಲಿಗೆ ಆ ಭಯ ಇಲ್ಲ. ನಿಮ್ಮ ಗುರುಗಳು ಪಾಠದ ಜೊತೆಗೆ ಪೂಜೆ, ಸಂಸ್ಕಾರಗಳನ್ನೂ ನಿಜವಾಗಿ ನಡೆಸುತ್ತಿದ್ದರೆ ಅದನ್ನು ಬಿಡದೆ ಬರೆಯಿರಿ. ಇಲ್ಲದ್ದನ್ನು ಮಾತ್ರ ಸೇರಿಸಬೇಡಿ. ಯುಎಸ್‌ಸಿಐಎಸ್‌ನವರು, ಅಂದರೆ ವಲಸೆ ಇಲಾಖೆಯವರು, ದೇವಸ್ಥಾನಕ್ಕೇ ಬಂದು ನೋಡಬಹುದು. ಗುರುಗಳು ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಏನು ಮಾಡುತ್ತಾರೆ, ಸಂಬಳ ಯಾರು ಕೊಡುತ್ತಾರೆ ಅಂತ ಬಾಗಿಲಲ್ಲಿ ಸಿಕ್ಕಿದವರನ್ನೂ ಕೇಳಬಹುದು. ಆ ಹೊತ್ತಿಗೆ ಅಲ್ಲಿರುವ ಸ್ವಯಂಸೇವಕರಿಗೆ ನಿಜಸಂಗತಿ ಗೊತ್ತಿರಬೇಕು.

ಇನ್ನೊಂದು. ಆಫೀಸ್ ಕೆಲಸ, ಚಂದಾ ಎತ್ತುವುದು, ಹಾಲ್ ಬುಕಿಂಗ್, ಕ್ಲೀನಿಂಗ್, ಇವೆಲ್ಲ ಧಾರ್ಮಿಕ ಕೆಲಸ ಅಂತ ಲೆಕ್ಕಕ್ಕೆ ಬರುವುದಿಲ್ಲ. ಚಿಕ್ಕ ದೇವಸ್ಥಾನಗಳಲ್ಲಿ ಗುರುಗಳ ಮೇಲೆ ಇವನ್ನೆಲ್ಲ ಹೇರುವ ಅಭ್ಯಾಸ ಇದೆ. ನಿಲ್ಲಿಸಿ. ಅರ್ಜಿಗೋಸ್ಕರ ಮಾತ್ರ ಅಲ್ಲ, ಅವರನ್ನು ಕರೆಸಿದ್ದು ಅದಕ್ಕಲ್ಲ.

ತುಂಗಾತೀರ

ತುಂಬಾ ಧನ್ಯವಾದ. ಚಂದಾ ಕೆಲಸ ಅವರ ಮೇಲೆ ಇಲ್ಲ, ಆದರೆ ಹಾಲ್ ಬುಕಿಂಗ್ ಫೋನ್ ಅವರ ಕೈಯಲ್ಲೇ ಇದೆ. ನಾಳೆಯೇ ತೆಗೆಸುತ್ತೇನೆ.

ವಕೀಲರು ಹೇಳಿದ್ದು, ಐ-360 ಒಪ್ಪಿಗೆ ಆದರೂ ಕ್ಯೂ ಇದೆ ಅಂತ. ಐದು ವರ್ಷದೊಳಗೆ ಮುಗಿಯುತ್ತದೆಯೇ?

ಹಳೇ ಟ್ರಸ್ಟಿ

ಅದನ್ನು ನಂಬಿ ಕೂರಬೇಡಿ. ಇಬಿ-4ಕ್ಕೆ ವರ್ಷಕ್ಕೆ ಸಿಗುವುದು ಸುಮಾರು 10,000 ವೀಸಾ ಮಾತ್ರ. ಅದರಲ್ಲಿ ಧಾರ್ಮಿಕ ಕೆಲಸಗಾರರ ಜೊತೆಗೆ ತಂದೆತಾಯಿಯಿಂದ ದೂರವಾದ, ಕೋರ್ಟಿನ ರಕ್ಷಣೆ ಪಡೆದ ಮಕ್ಕಳೂ ಬರುತ್ತಾರೆ, ಇನ್ನೂ ಕೆಲವರು ಬರುತ್ತಾರೆ. 2023ರ ಮಾರ್ಚ್‌ವರೆಗೆ ಎಲ್ ಸಾಲ್ವಡಾರ್, ಗ್ವಾಟೆಮಾಲ, ಹೊಂಡುರಾಸ್ ದೇಶದವರಿಗೆ ಪ್ರತ್ಯೇಕ ಕ್ಯೂ ಇತ್ತು. ಆಮೇಲೆ ವಿದೇಶಾಂಗ ಇಲಾಖೆ ಲೆಕ್ಕದ ಕ್ರಮ ಬದಲಿಸಿ ಅವರನ್ನೂ ಎಲ್ಲರ ಜೊತೆ ಸೇರಿಸಿತು. ಒಂದೇ ಏಟಿಗೆ ಕ್ಯೂ ವರ್ಷಗಟ್ಟಲೆ ಹಿಂದಕ್ಕೆ ಹೋಯಿತು. 2025ರಲ್ಲಂತೂ ಆ ವರ್ಷದ ವೀಸಾಗಳೆಲ್ಲ ಫೆಬ್ರವರಿ ಕೊನೆಗೇ ಖಾಲಿಯಾಗಿ, ಸೆಪ್ಟೆಂಬರ್ ಮುಗಿಯುವವರೆಗೆ ಯಾರಿಗೂ ಸಿಗಲಿಲ್ಲ.

ಇದು ನಮ್ಮವರಿಗೆ ಮಾತ್ರ ಬಂದ ಕಷ್ಟ ಅಲ್ಲ. ಜಾಸ್ತಿ ಪೆಟ್ಟು ಬಿದ್ದದ್ದು ಕ್ಯಾಥೊಲಿಕ್ ಚರ್ಚ್‌ಗಳಿಗೆ. ನ್ಯೂಜೆರ್ಸಿಯ ಪ್ಯಾಟರ್ಸನ್ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ) ಮತ್ತು ಅಲ್ಲಿನ ಐವರು ಪಾದ್ರಿಗಳು 2024ರ ಆಗಸ್ಟ್‌ನಲ್ಲಿ ಇದೇ ವಿಷಯಕ್ಕೆ ಸರ್ಕಾರದ ಮೇಲೆ ಕೇಸು ಹಾಕಿದರು. 2025ರ ಏಪ್ರಿಲ್‌ನಲ್ಲಿ ಸೆನೆಟರ್‌ಗಳಾದ ಟಿಮ್ ಕೇನ್, ಸೂಸನ್ ಕಾಲಿನ್ಸ್, ಜಿಮ್ ರಿಶ್ ಸೇರಿ ಒಂದು ಮಸೂದೆ ತಂದರು. ಗ್ರೀನ್ ಕಾರ್ಡ್ ಅರ್ಜಿ ಬಾಕಿ ಇದ್ದಾಗ ಆರ್-1 ಅನ್ನು ಐದು ವರ್ಷ ದಾಟಿಯೂ ಮುಂದುವರಿಸಬಹುದು ಅನ್ನುವುದು ಅದರ ಸಾರ. ಎರಡೂ ಪಕ್ಷದವರು ಸೇರಿ ತಂದದ್ದು ಅನ್ನುವುದನ್ನು ಗಮನಿಸಿ.

ನೀವು ಮಾಡಬೇಕಾದದ್ದು ಇಷ್ಟೇ. ಐ-360 ಬೇಗ ಹಾಕಿ. ಹಾಕಿದ ದಿನವೇ ನಿಮ್ಮ ಸರದಿಯ ದಿನಾಂಕ. ಅರ್ಜಿ ಹಾಕಿದ್ದಕ್ಕೆ ಆರ್-1 ವಿಸ್ತರಣೆ ನಿಲ್ಲಿಸುವ ಹಾಗಿಲ್ಲ, ಆ ಹೆದರಿಕೆ ಬೇಡ. ಗುರುಗಳು ಊರಿಗೆ ಹೋಗಿಬಂದ ದಿನಗಳು ಐದು ವರ್ಷದ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಮತ್ತೆ ಸೇರಿಸಿಕೊಳ್ಳಬಹುದು. ಪಾಸ್‌ಪೋರ್ಟಿನ ಮುದ್ರೆ, ಬೋರ್ಡಿಂಗ್ ಪಾಸ್ ಎಲ್ಲ ಹುಡುಕಿ ವಕೀಲರಿಗೆ ಕೊಡಿ. ಅಷ್ಟಾದರೂ ಸರದಿ ಬರದಿದ್ದರೆ ಅವರು ಹೊರಡಬೇಕಾಗುತ್ತದೆ. ಮತ್ತೆ ಯಾವಾಗ ಬರಬಹುದು ಅನ್ನುವುದನ್ನು ಆಗಿನ ನಿಯಮ ನೋಡಿ ವಕೀಲರ ಬಾಯಿಂದಲೇ ಕೇಳಿ. ಹೊರಟರೂ ಸರದಿ ಹೋಗುವುದಿಲ್ಲ. ಭಾರತದಲ್ಲೇ ಅಮೆರಿಕದ ಕಾನ್ಸುಲೇಟ್ ಮೂಲಕ ಮುಂದುವರಿಸಬಹುದು. ಆದರೆ ಅಲ್ಲಿಯವರೆಗೆ ಆ ಕೆಲಸ ಅವರಿಗಾಗಿ ಕಾದಿರಬೇಕು. ಮಂಡಳಿ ಬದಲಾದರೂ ಮಾತು ಬದಲಾಗಬಾರದು. ಠರಾವು ಬರೆದಿಡಿ.

ಸರತಿಯಲ್ಲಿರುವವ

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಕಂಪನಿ ಕೆಲಸದ ಎಚ್-1ಬಿ ವೀಸಾದಲ್ಲಿ ಇದ್ದೇನೆ. ನಮ್ಮಂಥವರ ಗ್ರೀನ್ ಕಾರ್ಡಿನ ಇಬಿ-2 ಕ್ಯೂನಲ್ಲಿ ಭಾರತದವರು ವರ್ಷಗಟ್ಟಲೆ ಕಾಯಬೇಕು. ಕೆಲಸ ಹೋದರೆ 60 ದಿನದಲ್ಲಿ ಇನ್ನೊಂದು ಹುಡುಕಬೇಕು. ನಮಗಾಗಿ ಯಾರೂ ಪತ್ರ ಬರೆಯುವುದಿಲ್ಲ. ಒಬ್ಬರು ಗುರುಗಳಿಗೆ ಮಾತ್ರ ಸಮುದಾಯ ಯಾಕೆ ಇಷ್ಟು ಓಡಾಡಬೇಕು? ವೇದಾಂತ ಹೇಳುವವರಿಗೆ ಸಿರಸಿಯಾದರೇನು, ಟೆಕ್ಸಾಸ್ ಆದರೇನು?

ತುಂಗಾತೀರ

ಬೇಜಾರಿಲ್ಲ. ನಿಮ್ಮ ಕಷ್ಟ ನಿಜವಾದದ್ದು. ಆದರೆ ಗುರುಗಳಿಗೆ ಸಿಕ್ಕಿದ್ದು ನಿಮ್ಮಿಂದ ಕಿತ್ತುಕೊಂಡದ್ದಲ್ಲ, ಎರಡೂ ಬೇರೆ ಬೇರೆ ಕ್ಯೂ. ನಾವು ಪತ್ರ ಬರೆಯುತ್ತಿರುವುದು ಅವರು ದೊಡ್ಡವರು ಅಂತ ಅಲ್ಲ, ಅವರ ಕೆಲಸ ನಡೆಯುವುದು ನಮ್ಮ ನಡುವೆ ಅಂತ. ಅದಕ್ಕೆ ಸಾಕ್ಷಿ ಹೇಳಬಲ್ಲವರು ನಾವೇ. ಎಚ್-1ಬಿಗೆ ಸಾಕ್ಷಿ ಹೇಳುವುದು ಕಂಪನಿ.

ಸಿರಸಿಯಾದರೇನು ಅಂದಿರಿ. ಅವರಿಗೆ ಏನೂ ವ್ಯತ್ಯಾಸ ಆಗಲಿಕ್ಕಿಲ್ಲ. ನಮ್ಮ ಮಕ್ಕಳಿಗೆ ಆಗುತ್ತದೆ. ಝೂಮ್‌ನಲ್ಲಿ ಪಾಠ ಕೇಳಬಹುದು, ನಾವೂ ಕೇಳಿದ್ದೇವೆ. ಐಸಿಯು ಬಾಗಿಲಲ್ಲಿ ಝೂಮ್ ಬಂದು ನಿಲ್ಲುವುದಿಲ್ಲ.

ಅಮೆರಿಕ ಕಂಡವ

ಹಳೇ ಕಥೆ ಸ್ವಲ್ಪ ಹೇಳುತ್ತೇನೆ, ಈ ಪ್ರಶ್ನೆ ಹೊಸದಲ್ಲ. 1885ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ಹೊರದೇಶದವರನ್ನು ಕೆಲಸದ ಕರಾರು ಮಾಡಿಕೊಂಡು ಕರೆಸಬಾರದು ಅಂತ. ನ್ಯೂಯಾರ್ಕಿನ ಹೋಲಿ ಟ್ರಿನಿಟಿ ಚರ್ಚ್ ಇಂಗ್ಲೆಂಡಿನಿಂದ ವಾಲ್‌ಪೋಲ್ ವಾರನ್ ಅನ್ನುವ ಪಾದ್ರಿಯನ್ನು ಕರೆಸಿತು. ಚರ್ಚಿಗೆ 1,000 ಡಾಲರ್ ದಂಡ ಬಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1892ರಲ್ಲಿ ತೀರ್ಪು ಚರ್ಚಿನ ಪರ ಬಂತು. ಅಗ್ಗದ ಕೂಲಿಗಳನ್ನು ತಡೆಯುವ ಕಾನೂನು ಧರ್ಮಗುರುಗಳಿಗೆ ಅನ್ವಯಿಸುವುದಿಲ್ಲ ಅಂತ. ಆ ಸಭೆಯವರು ದಂಡ ಕಟ್ಟಿ ಸುಮ್ಮನಾಗಿಬಿಡಬಹುದಿತ್ತು, ಆಗಲಿಲ್ಲ.

ನಮ್ಮ ಕಡೆಯವರ ಕಥೆ ಬೇರೆ. ಭಗತ್ ಸಿಂಗ್ ಥಿಂಡ್ ಅಮೆರಿಕದ ಸೈನ್ಯದಲ್ಲಿ ಕೆಲಸ ಮಾಡಿದವರು. ಆದರೂ ಬಿಳಿಯರಲ್ಲ ಅಂತ 1923ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ಪೌರತ್ವ ಇಲ್ಲ ಅಂದಿತು. ಆ ತೀರ್ಪಿನಿಂದ ಇನ್ನೂ ಎಷ್ಟೋ ಭಾರತೀಯರ ಪೌರತ್ವ ಹೋಯಿತು. ಥಿಂಡ್ ದೇಶ ಬಿಡಲಿಲ್ಲ. ಊರೂರು ತಿರುಗಿ ಅಧ್ಯಾತ್ಮದ ಮಾತು ಹೇಳುತ್ತಾ ಇದ್ದರು. 1936ರಲ್ಲಿ, ಮೊದಲ ಮಹಾಯುದ್ಧದ ಸೈನಿಕರಿಗೆ ಮಾಡಿದ ಕಾನೂನಿನಿಂದ ಕೊನೆಗೂ ಪೌರತ್ವ ಸಿಕ್ಕಿತು. ಪರಮಹಂಸ ಯೋಗಾನಂದರು ಬಾಸ್ಟನ್‌ಗೆ ಬಂದದ್ದು 1920ರಲ್ಲಿ. ಪೌರತ್ವ ಸಿಕ್ಕಿದ್ದು 1949ರಲ್ಲಿ. ಅಷ್ಟು ತಡ ಯಾಕೆ? 1923ರ ಆ ತೀರ್ಪಿನ ಮೇಲೆ 1946ರವರೆಗೆ, ಥಿಂಡ್ ಅವರಂಥ ಹಳೇ ಸೈನಿಕರನ್ನು ಬಿಟ್ಟರೆ, ಭಾರತೀಯರು ಪೌರತ್ವ ಕೇಳುವ ಹಾಗೇ ಇರಲಿಲ್ಲ. ಆ ಬಾಗಿಲು ತೆರೆದದ್ದು ಆ ವರ್ಷದ ಲೂಸ್-ಸೆಲ್ಲರ್ ಕಾನೂನು.

ಈಗಿನ ಆರ್-1 ವೀಸಾ ಬಂದದ್ದು 1990ರ ಕಾನೂನಿನಿಂದ. ಅಂದರೆ ಈ ದಾರಿ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಕಾನೂನಿನಲ್ಲೇ ಇದೆ. ಅರ್ಜಿ ಹಾಕುವವರು ತಲೆ ಎತ್ತಿಯೇ ಹಾಕಬಹುದು.

ಅರ್ಚಕರ ಮನೆಯವರು

ನಾನು ಸಾಮಾನ್ಯವಾಗಿ ಇಲ್ಲಿ ಬರೆಯುವುದಿಲ್ಲ. ಇವತ್ತು ಬರೆಯಬೇಕು ಅನ್ನಿಸಿತು.

ನನ್ನ ಗಂಡ ಅರ್ಚಕರು. ನಾನು ಆರ್-2ನಲ್ಲಿ, ಅಂದರೆ ಆರ್-1ನವರ ಹೆಂಡತಿ ಮಕ್ಕಳಿಗೆ ಕೊಡುವ ವೀಸಾದಲ್ಲಿ, ಬಂದವಳು. ಆರ್-2ನಲ್ಲಿ ಇರುವವರು ಕೆಲಸ ಮಾಡುವ ಹಾಗಿಲ್ಲ. ಊರಲ್ಲಿ ನಾನು ಹೈಸ್ಕೂಲು ಟೀಚರ್ ಆಗಿದ್ದೆ. ಇಲ್ಲಿ ಒಬ್ಬರ ಸಂಬಳ, ದೇವಸ್ಥಾನದ ಹಿಂದಿನ ಎರಡು ರೂಮಿನ ಮನೆ. ಮೊದಲು ನಾವಿದ್ದ ದೇವಸ್ಥಾನದಲ್ಲಿ ಗ್ರೀನ್ ಕಾರ್ಡ್ ಮಾತು ಎತ್ತಿದಾಗಲೆಲ್ಲ "ಮುಂದಿನ ಸಭೆಯಲ್ಲಿ ನೋಡೋಣ" ಅನ್ನುತ್ತಿದ್ದರು. ಆ ಸಭೆ ಬರಲೇ ಇಲ್ಲ. ಕೊನೆಗೆ ಗಡುವು ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಅರ್ಜಿ ಹಾಕಿದರು. ಸಂಬಳದ ಚೀಟಿಗಳೇ ಸರಿಯಾಗಿ ಇರಲಿಲ್ಲ, ಅರ್ಧ ನಗದು, ಅರ್ಧ ಚೆಕ್. ಅದು ತಿರಸ್ಕಾರ ಆಯಿತು. ನಾವು ಊರಿಗೆ ಹೋದೆವು. ಮಗನನ್ನು ಹೈಸ್ಕೂಲಿನ ನಡುವೆ ಎಬ್ಬಿಸಿಕೊಂಡು ಹೋಗಬೇಕಾಯಿತು. ಅವನಿಗೆ ಕನ್ನಡ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಎರಡನೇ ಸಲ ಬೇರೆ ದೇವಸ್ಥಾನದವರು ಕರೆಸಿಕೊಂಡರು, ಅವರು ಎಲ್ಲ ಚೆನ್ನಾಗಿ ಮಾಡಿದರು.

ತುಂಗಾತೀರ ಅವರೇ, ಗುರುಗಳಿಗೆ ಹೆಂಡತಿ ಮಕ್ಕಳು ಇದ್ದರೆ ಮಕ್ಕಳ ವಯಸ್ಸು ಮೊದಲು ಕೇಳಿ. 21 ತುಂಬಿದರೆ ಮಕ್ಕಳು ಅಪ್ಪನ ಅರ್ಜಿಯಿಂದ ಹೊರಗೆ ಬೀಳುತ್ತಾರೆ. ಸ್ವಲ್ಪ ರಿಯಾಯಿತಿ ಲೆಕ್ಕ ಇದೆ, ಆದರೆ ಅದನ್ನು ವಕೀಲರೇ ಹಾಕಬೇಕು. ಗುರುಗಳು ಇದನ್ನೆಲ್ಲ ತಾವಾಗಿ ಬಾಯಿ ಬಿಟ್ಟು ಕೇಳುವುದಿಲ್ಲ. ನಮ್ಮ ಯಜಮಾನರೂ ಕೇಳಲಿಲ್ಲ. ದೇವರ ಮುಂದೆ ನಿಂತವರು ಮನುಷ್ಯರ ಮುಂದೆ ಕೈಚಾಚಲು ಹಿಂಜರಿಯುತ್ತಾರೆ. ನೀವಾಗಿ ಕೇಳಿ.

ತುಂಗಾತೀರ

ಅಮ್ಮ, ನೀವು ಬರೆದದ್ದು ಮನಸ್ಸಿಗೆ ತಾಗಿತು. ಗುರುಗಳಿಗೆ ಒಬ್ಬಳು ಮಗಳು, 17 ನಡೆಯುತ್ತಿದೆ. ವಕೀಲರ ಹತ್ತಿರ ಈ ಮಾತು ಇನ್ನೂ ಬಂದಿಲ್ಲ. ಈ ವಾರವೇ ಎತ್ತುತ್ತೇನೆ.

ಸರತಿಯಲ್ಲಿರುವವ

ಅಮ್ಮ, ನಿಮ್ಮ ಮಾತು ಓದಿದ ಮೇಲೆ ನನ್ನ ಪ್ರಶ್ನೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾನು ಡಲ್ಲಾಸ್ ಹತ್ತಿರವೇ ಇದ್ದೇನೆ. ಅಕೌಂಟ್ಸ್ ಗೊತ್ತು. ಸಂಬಳದ ದಾಖಲೆ ಸರಿಮಾಡಲು ಬೇಕಿದ್ದರೆ ಬರುತ್ತೇನೆ.

ಅಂಗಳದ ತುಳಸಿ

ಒಂದು ಸಂದೇಹ. ನಮ್ಮ ಊರಲ್ಲಿ ಗುರುಗಳನ್ನು ಮನೆಮನೆಗೆ ಸತ್ಯನಾರಾಯಣ ಪೂಜೆಗೆ ಕರೆಯುತ್ತೇವೆ. ಪಕ್ಕದ ಊರಿನ ದೇವಸ್ಥಾನದವರೂ ಹಬ್ಬಕ್ಕೆ ಹೋಮ ಮಾಡಿಸಲು ಕರೆಯುತ್ತಾರೆ. ದಕ್ಷಿಣೆ ಕೈಗೇ ಕೊಡುತ್ತೇವೆ. ಇದರಿಂದ ತೊಂದರೆ ಇದೆಯೇ?

ಹಳೇ ಟ್ರಸ್ಟಿ

ಇದೆ. ದೊಡ್ಡ ತೊಂದರೆಯೇ ಇದೆ. ಆರ್-1ನಲ್ಲಿ ಇರುವವರು ತಮ್ಮನ್ನು ಕರೆಸಿದ ಸಂಸ್ಥೆಗೆ ಮಾತ್ರ ಕೆಲಸ ಮಾಡಬೇಕು. ಇನ್ನೊಂದು ದೇವಸ್ಥಾನ ಹಣ ಕೊಟ್ಟು ಕೆಲಸ ಮಾಡಿಸಬೇಕಾದರೆ ಆ ದೇವಸ್ಥಾನವೇ ಬೇರೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಪ್ರೀತಿಯಿಂದ ಕೊಟ್ಟ ನೂರು ಡಾಲರ್ ಅವರ ವೀಸಾಕ್ಕೇ ಮುಳುವಾಗಬಹುದು.

ಮನೆಪೂಜೆಯನ್ನು ನಿಮ್ಮ ದೇವಸ್ಥಾನದ ಸೇವೆಯಾಗಿ ಇಟ್ಟುಕೊಳ್ಳಿ. ಭಕ್ತರು ದೇವಸ್ಥಾನಕ್ಕೆ ಹಣ ಕಟ್ಟಲಿ, ರಸೀದಿ ಹೋಗಲಿ, ಗುರುಗಳಿಗೆ ಸಂಬಳದಲ್ಲಿ ಸೇರಲಿ. ಪೂಜೆಗೆಂದು ಕೈಗೆ ಕೊಟ್ಟ ದಕ್ಷಿಣೆಗೂ ತೆರಿಗೆ ಲೆಕ್ಕ ಇದೆ, ಅದನ್ನು ಮುಚ್ಚಿಡಬಾರದು. ವರ್ಷದ ಕೊನೆಗೆ ಡಬ್ಲ್ಯು-2 (ದೇವಸ್ಥಾನ ಕೊಡುವ ವರ್ಷದ ಸಂಬಳದ ಚೀಟಿ), ತೆರಿಗೆ ರಿಟರ್ನ್ ಎರಡೂ ಒಂದಕ್ಕೊಂದು ಹೊಂದಬೇಕು. ಅಧಿಕಾರಿ ಮೊದಲು ತೆರೆಯುವುದು ಅದನ್ನೇ.

ಮೈಸೂರು ವಿದ್ವತ್

ನಾನು ಮೈಸೂರಿನಿಂದ. ಪಾಠಶಾಲೆಯೊಂದರಲ್ಲಿ ಕಲಿಸುತ್ತೇನೆ, ಹೊರದೇಶಕ್ಕೆ ಹೋದ ನಮ್ಮ ವಿದ್ಯಾರ್ಥಿಗಳಿಗೆ ಆಗಾಗ ಪತ್ರ ಬರೆದುಕೊಟ್ಟಿದ್ದೇನೆ.

ಗುರುಗಳು ಎಲ್ಲಿ ಓದಿದವರು ಅಂತ ಕೇಳಿ. ಸಂಸ್ಕೃತ ಕಾಲೇಜಿನಲ್ಲಿ ವಿದ್ವತ್ ಮಾಡಿದ್ದರೆ ಸುಲಭ, ಅಂಕಪಟ್ಟಿ, ಪ್ರಮಾಣಪತ್ರ ಇರುತ್ತದೆ. ಗುರುಕುಲದಲ್ಲಿ ಗುರುಗಳ ಪಕ್ಕ ಕೂತು ಕಲಿತವರಾದರೆ ಕಾಗದವೇ ಇರುವುದಿಲ್ಲ. ಆ ಪದ್ಧತಿಯಲ್ಲಿ ಕಾಗದ ಕೊಡುವ ರೂಢಿಯೇ ಇಲ್ಲ ಅಲ್ವಾ. ಆಗ ಮಠದಿಂದ ಅಥವಾ ಕಲಿಸಿದವರಿಂದ ಪತ್ರ ತರಿಸಬೇಕು. ಅದರಲ್ಲಿ ಇಂತಿಷ್ಟು ವರ್ಷ ಇಂಥ ಶಾಸ್ತ್ರ ಓದಿದರು, ಇಂಥ ದೀಕ್ಷೆ ಆಯಿತು, ಇಂಥ ಕರ್ಮಗಳನ್ನು ನಡೆಸುವ ಅಧಿಕಾರ ಬಂತು, ನಮ್ಮ ಸಂಪ್ರದಾಯದಲ್ಲಿ ಗುರುವಾಗಲು ಬೇಕಾದದ್ದು ಇದೇ ಅಂತ ಸ್ಪಷ್ಟವಾಗಿ ಇರಬೇಕು. "ಆಶೀರ್ವಾದಗಳು" ಅಂತ ಮುಗಿಸಿದ ಶ್ರೀಮುಖ ಬಂದರೆ ಸಂತೋಷ, ಆದರೆ ಅರ್ಜಿಗೆ ಅದು ಸಾಲದು.

ಕನ್ನಡದಲ್ಲೋ ಸಂಸ್ಕೃತದಲ್ಲೋ ಇದ್ದರೆ ಪೂರ್ತಿ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಮೊಹರಿನಲ್ಲಿರುವ ಅಕ್ಷರ ಕೂಡ ಬಿಡಬಾರದು. ಅನುವಾದಿಸಿದವರು "ನನಗೆ ಎರಡೂ ಭಾಷೆ ಬರುತ್ತದೆ, ಇದು ಪೂರ್ಣ ಮತ್ತು ಸರಿಯಾದ ಅನುವಾದ" ಅಂತ ಸಹಿ ಹಾಕಬೇಕು.

ಕೂಟದ ಕಾರ್ಯದರ್ಶಿ

ನಮ್ಮ ಕನ್ನಡ ಕೂಟಕ್ಕೂ 501(ಸಿ)(3) ಇದೆ. ದೇವಸ್ಥಾನ ಚಿಕ್ಕದಾದರೆ ಕೂಟದ ಕಡೆಯಿಂದಲೇ ಅರ್ಜಿ ಹಾಕಬಹುದಾ? ನಮ್ಮ ಹತ್ತಿರ ಹಣ ಸ್ವಲ್ಪ ಜಾಸ್ತಿ ಇದೆ.

ಹಳೇ ಟ್ರಸ್ಟಿ

ಬೇಡ. ಕೂಟ ಸಾಂಸ್ಕೃತಿಕ ಸಂಸ್ಥೆ. ರಾಜ್ಯೋತ್ಸವ, ಯುಗಾದಿ ಮಾಡುತ್ತೀರಿ, ಅದು ಧಾರ್ಮಿಕ ಸಂಸ್ಥೆ ಅಂತ ತೋರಿಸುವುದು ಕಷ್ಟ, ತೋರಿಸಲು ಹೋಗಲೂಬಾರದು. ಹಣ ಇದ್ದರೆ ದೇವಸ್ಥಾನಕ್ಕೆ ದಾನ ಕೊಡಿ, ಅದು ದೇವಸ್ಥಾನದ ಲೆಕ್ಕಪತ್ರದಲ್ಲಿ ಕಾಣಲಿ. ಸಂಬಳ ಕೊಡುವ ಶಕ್ತಿ ಇದೆ ಅನ್ನುವುದಕ್ಕೆ ಅದು ಸಹಾಯ ಆಗುತ್ತದೆ.

ಮಲೆನಾಡಿನ ಮಗಳು

ಪತ್ರ ನಾನು ಬರೆಯುತ್ತೇನೆ. ಗುರುಗಳನ್ನು ಚೆನ್ನಾಗಿ ಬಲ್ಲೆ. ಆದರೆ ಏನು ಬರೆಯಬೇಕು ಗೊತ್ತಾಗುತ್ತಿಲ್ಲ. "ಅವರು ಮಹಾಜ್ಞಾನಿಗಳು, ಅವರ ಸನ್ನಿಧಿಯಲ್ಲಿ ಶಾಂತಿ ಸಿಗುತ್ತದೆ" ಅಂತ ಶುರು ಮಾಡಿದೆ, ಮುಂದೆ ಹೋಗಲಿಲ್ಲ.

ಹಳೇ ಟ್ರಸ್ಟಿ

ಆ ಸಾಲು ಹೊಡೆದುಹಾಕಿ. ನೀವು ಕಣ್ಣಾರೆ ಕಂಡದ್ದನ್ನು ಬರೆಯಿರಿ. ನೀವು ಯಾರು, ಎಲ್ಲಿದ್ದೀರಿ, ಏನು ಕೆಲಸ, ಅವರನ್ನು ಯಾವಾಗಿನಿಂದ ಬಲ್ಲಿರಿ. ಆಮೇಲೆ ಅವರು ಏನು ಮಾಡುತ್ತಾರೆ ಅಂತ ದಿನ, ಹೊತ್ತು, ಜಾಗ ಸಮೇತ. ನೋಡದ್ದನ್ನು ಬರೆಯಬೇಡಿ, ಬೇರೆಯವರ ಪತ್ರ ನಕಲು ಮಾಡಬೇಡಿ. ಹತ್ತು ಪತ್ರದಲ್ಲಿ ಒಂದೇ ವಾಕ್ಯ ಇದ್ದರೆ ಹತ್ತೂ ಹಾಳು. ಐದಾರು ಒಳ್ಳೆ ಪತ್ರ ಸಾಕು. ಅಮೆರಿಕದಲ್ಲೇ ಹುಟ್ಟಿದ ನೆರೆಯವರು, ಪಕ್ಕದ ಚರ್ಚಿನ ಪಾದ್ರಿ, ಆಸ್ಪತ್ರೆಯ ಚಾಪ್ಲಿನ್ (ರೋಗಿಗಳಿಗೆ ಧೈರ್ಯ ಹೇಳುವ ಧರ್ಮಗುರು), ಇಂಥವರು ಯಾರಾದರೂ ಅವರ ಕೆಲಸ ಕಂಡಿದ್ದರೆ ಒಂದು ಪತ್ರ ಕೇಳಿ.

ನೆನಪಿಡಿ, ಪತ್ರ ಪೋಷಕ ದಾಖಲೆ ಮಾತ್ರ. ಸಂಸ್ಥೆಯ ಕಾಗದ ಸರಿಯಿಲ್ಲದಿದ್ದರೆ ಪತ್ರ ಎಷ್ಟಿದ್ದರೂ ಅರ್ಜಿ ನಿಲ್ಲುವುದಿಲ್ಲ.

ಮಲೆನಾಡಿನ ಮಗಳು

ಹೀಗೆ ಬರೆದೆ. ಇಂಗ್ಲಿಷಿನಲ್ಲಿ ಕೊಡುತ್ತೇನೆ, ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ.

"ನಾನು ನರ್ಸ್. ನನ್ನ ತಾಯಿ ಕೊನೆಯ ತಿಂಗಳು, ಸಾವಿನಂಚಿನಲ್ಲಿರುವವರನ್ನು ನೋಡಿಕೊಳ್ಳುವ ಹಾಸ್ಪಿಸ್‌ನಲ್ಲಿದ್ದರು. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಗುರುಗಳು ಪ್ರತಿ ಮಂಗಳವಾರ ಮತ್ತು ಶುಕ್ರವಾರ ಸಂಜೆ ಪೂಜೆ ಮುಗಿಸಿ ಬರುತ್ತಿದ್ದರು. ಮೊದಲು ಊಟ ಆಯಿತಾ ಅಂತ ಅಮ್ಮನನ್ನು ಕೇಳುತ್ತಿದ್ದರು. ಆಮೇಲೆ ಸಹಸ್ರನಾಮ ಓದುತ್ತಿದ್ದರು. ಅಮ್ಮನಿಗೆ ಸಾವಿನ ಬಗ್ಗೆ ಭಯ ಇತ್ತು, ನನ್ನ ಹತ್ತಿರ ಅದನ್ನು ಹೇಳಿರಲಿಲ್ಲ. ಗುರುಗಳ ಹತ್ತಿರ ಹೇಳಿದರು. ಅವರು ಅದಕ್ಕೆ ಉತ್ತರ ಕೊಡುವುದನ್ನು ನಾನು ಬಾಗಿಲ ಬಳಿ ನಿಂತು ಕೇಳಿದ್ದೇನೆ. ಅಮ್ಮ ತೀರಿಕೊಂಡ ಮೇಲೆ ಹದಿಮೂರು ದಿನದ ಕರ್ಮಗಳನ್ನು ಅವರೇ ನಡೆಸಿಕೊಟ್ಟರು. ಈ ಕೆಲಸ ಮಾಡಬಲ್ಲ, ನಮ್ಮ ಭಾಷೆ ಬಲ್ಲ ಬೇರೆ ಧರ್ಮಗುರುಗಳು ನಮ್ಮ ಊರಿನಲ್ಲಿ ನನಗೆ ಗೊತ್ತಿಲ್ಲ."

ಸಾಕಾ?

ಹಳೇ ಟ್ರಸ್ಟಿ

ಸಾಕು. ಒಂದಕ್ಷರ ಬದಲಿಸಬೇಡಿ. ತಿಂಗಳು, ವರ್ಷ ಸೇರಿಸಿ, ಸಹಿ ಹಾಕಿ.

ಅರ್ಚಕರ ಮನೆಯವರು

ಮಗಳೇ, ನಿನ್ನಮ್ಮ ಪುಣ್ಯವಂತೆ.

ಕಾವೇರಿ ಬಯಲು

ಕಾಂಗ್ರೆಸ್ ಸದಸ್ಯರ ಆಫೀಸನ್ನು ಸಂಪರ್ಕಿಸಬಹುದು ಅನ್ನುತ್ತಾರೆ. ಅದರಿಂದ ಉಪಯೋಗ ಇದೆಯೇ?

ಹಳೇ ಟ್ರಸ್ಟಿ

ಇದೆ, ಆದರೆ ಅದರ ಮಿತಿ ತಿಳಿದಿರಲಿ. ಮಾಮೂಲಿ ಅವಧಿ ದಾಟಿ ಅರ್ಜಿ ಕೊಳೆಯುತ್ತಿದ್ದರೆ ಅವರ ಜಿಲ್ಲಾ ಕಚೇರಿಯ ಕೇಸ್‌ವರ್ಕ್ ನೋಡುವವರು ವಿಚಾರಿಸುತ್ತಾರೆ. ಅದಕ್ಕೆ ಗುರುಗಳದ್ದೇ ಸಹಿ ಇರುವ ಪ್ರೈವಸಿ ಫಾರ್ಮ್ ಬೇಕು, ನಾವು ಕೇಳಿದರೆ ಏನೂ ಹೇಳುವುದಿಲ್ಲ. ಒಪ್ಪಿಗೆ ಕೊಡಿಸುವ ಅಧಿಕಾರ ಅವರಿಗಿಲ್ಲ. ಆರ್-1 ಮುಂದುವರಿಸುವ ಆ ಮಸೂದೆಯ ಬಗ್ಗೆ ಮಾತ್ರ ಫೋನ್ ಮಾಡಿ, ಪತ್ರ ಬರೆಯಿರಿ. ನಿಮ್ಮ ಸಹಿ ಸಂಗ್ರಹದ ಹುರುಪನ್ನು ಅಲ್ಲಿ ತೋರಿಸಿ. ರಾಗಿಮುದ್ದೆ ಅವರೇ, ಇದು ನಿಮಗೇ.

ರಾಗಿಮುದ್ದೆ

ಆಯ್ತು, ಅದನ್ನು ನಾನು ಹಿಡಿಯುತ್ತೇನೆ. ಪಕ್ಕದ ಕ್ಯಾಥೊಲಿಕ್ ಚರ್ಚಿನವರನ್ನೂ ಕೇಳುತ್ತೇನೆ, ಅವರದೂ ಇದೇ ಕಷ್ಟ ಅಂದ ಮೇಲೆ ಜೊತೆಗೇ ಹೋಗಬಹುದು.

ಮೈಸೂರು ವಿದ್ವತ್

ಒಂದು ಮಾತು ಕೇಳಲೇಬೇಕು. ಗುರುಗಳಿಗೆ ಅಲ್ಲಿ ಉಳಿಯುವ ಮನಸ್ಸಿದೆಯೇ? ಶಿಷ್ಯರ ಒತ್ತಾಯಕ್ಕೆ ಹೂಂ ಅಂದು ಮನಸ್ಸಿನಲ್ಲೇ ಕೊರಗಿದವರನ್ನು ಕಂಡಿದ್ದೇನೆ. ಊರಲ್ಲಿ ವಯಸ್ಸಾದ ತಾಯಿ ಇದ್ದರೆ, ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ ಬಾಕಿ ಇದ್ದಾಗ ಮೊದಲೇ ಅನುಮತಿ ಪಡೆಯದೆ ಹೊರಟರೆ ಆ ಅರ್ಜಿಯೇ ಬಿದ್ದುಹೋಗುತ್ತದೆ. ಅದು ಅವರಿಗೆ ಗೊತ್ತಿರಬೇಕು.

ತುಂಗಾತೀರ

ಒಳ್ಳೆ ಪ್ರಶ್ನೆ ಕೇಳಿದಿರಿ. ನಿನ್ನೆ ರಾತ್ರಿ ಪಾಠ ಮುಗಿದ ಮೇಲೆ ಕೂತು ಕೇಳಿದೆ. ಸುಮಾರು ಹೊತ್ತು ಯೋಚಿಸಿ ಹೇಳಿದರು. ತಾಯಿ ತಮ್ಮನ ಜೊತೆ ಇದ್ದಾರೆ, ಆರೋಗ್ಯವಾಗಿದ್ದಾರೆ. ಮಗಳ ಓದು ಮುಗಿಯುವವರೆಗೆ, ಈಗಿನ ಮಕ್ಕಳ ತಂಡ ಒಂದು ಹಂತಕ್ಕೆ ಬರುವವರೆಗೆ ಇಲ್ಲಿರಬೇಕು ಅಂತ ಆಸೆ ಇದೆ. ಆದರೆ ತಾಯಿಗೆ ಹುಷಾರಿಲ್ಲ ಅಂದರೆ ಅರ್ಜಿ ಏನಾದರೂ ಆಗಲಿ, ಹೊರಟುಬಿಡುತ್ತೇನೆ, ನೀವು ತಡೆಯಬಾರದು ಅಂದರು. ಒಪ್ಪಿದ್ದೇವೆ. ಕೊನೆಯ ಹಂತದ ಅರ್ಜಿ ಹಾಕುವ ದಿನವೇ ಪ್ರಯಾಣದ ಅನುಮತಿಗೂ ಹಾಕಬೇಕು ಅಂತ ವಕೀಲರಿಗೆ ಬರೆದಿದ್ದೇನೆ.

ಅವರು ಕಲಿತದ್ದು ಗುರುಕುಲದಲ್ಲಿ, ಕಾಗದ ಏನೂ ಇಲ್ಲ. ಕಲಿಸಿದವರು ಇದ್ದಾರೆ, ತುಂಬಾ ವಯಸ್ಸಾಗಿದೆ. ಪತ್ರ ತರಿಸಬೇಕು. ಸಿರಸಿ ಕಡೆ ಇರುವವರು ಯಾರಾದರೂ ಹೋಗಿ ಕೂತು ಬರೆಸಿಕೊಂಡು ಬರಲು ಸಾಧ್ಯವೇ?

ಮೈಸೂರು ವಿದ್ವತ್

ನಾನೇ ಹೋಗುತ್ತೇನೆ. ಮುಂದಿನ ತಿಂಗಳು ಶೃಂಗೇರಿಗೆ ಹೋಗುವುದಿದೆ, ಅಲ್ಲಿಂದ ಮುಂದಕ್ಕೆ ಸಿರಸಿಗೆ ಹೋಗಿಬರುತ್ತೇನೆ. ಏನೇನು ಇರಬೇಕು ಅಂತ ವಕೀಲರಿಂದ ಒಂದು ಪಟ್ಟಿ ತರಿಸಿ ಕಳಿಸಿ. ಹಿರಿಯರು ಹೇಳಿದಂತೆ ಕನ್ನಡದಲ್ಲೇ ಬರೆದುಕೊಂಡು, ಅವರಿಗೆ ಓದಿ ಹೇಳಿ, ಸಹಿ ಹಾಕಿಸುತ್ತೇನೆ.

ಮಲೆನಾಡಿನ ಮಗಳು

ಅನುವಾದ ನನಗೆ ಬಿಡಿ. ಮೂಲಪತ್ರದ ಎರಡೂ ಮಗ್ಗುಲು ಸ್ಕ್ಯಾನ್ ಮಾಡಿ ಕಳಿಸಿ, ಮೊಹರು ಸ್ಪಷ್ಟವಾಗಿ ಕಾಣುವ ಹಾಗೆ.